ಮೇಣದಬತ್ತಿ, ಸುಣ್ಣದ ತಿಳಿನೀರು: ಕೆಮಿಸ್ಟ್ರಿಯನ್ನು ಮಕ್ಕಳ ಕೈಗೆ ಕೊಟ್ಟವರ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ವೀಡಿಯೊದಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ. ಓದುವವರಿಗೆ ಅಷ್ಟು ಲಾಭ ಇರಲಿ!

ಮೊದಲು ಈ ಮಾತು ಯಾಕೆ ಹುಟ್ಟಿತು ಅಂತ ಹೇಳಿಬಿಡ್ತೀನಿ. ಪುಣೆಯಲ್ಲಿ ನಮ್ಮ ಸೊಸೈಟಿಯ ಎರಡನೇ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಇದೆ. ಮಗಳು ಒಂಬತ್ತನೇ ಕ್ಲಾಸು. ಹೋದ ತಿಂಗಳು ಶಾಲೆಯವರು ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗ ತೋರಿಸಲು ಹೋಗಿದ್ದರು. ಸಂಜೆ ಲಿಫ್ಟಿನ ಹತ್ತಿರ ಸಿಕ್ಕಳು. ಹೆಂಗಿತ್ತವ್ವಾ ಅಂತ ಕೇಳಿದೆ.

"ಭಾರಿ ಇತ್ರಿ ಕಾಕಾ. ಹಸಿರು ಬೆಂಕಿ ಬಂತು. ಬುಸ್ ಅಂತ ನೊರಿ ಉಕ್ಕಿತು. ಎಲ್ಲಾರೂ ಮೊಬೈಲ್‌ನಾಗ ತಕ್ಕೊಂಡಾರ."

"ಬೆಂಕಿ ಹಸಿರು ಯಾಕ ಬಂತು?"

"ಅವ್ರು ಏನೋ ಹೇಳಿದ್ರು, ಇಂಗ್ಲಿಷ್‌ನಾಗ, ಲಗೂ ಲಗೂ. ತಿಳೀಲಿಲ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಕೆಮಿಸ್ಟ್ರಿ ಅಂದ್ರ ಬಾಯಿಪಾಠ ಅಷ್ಟ ರೀ. ಹತ್ತನೇತ್ತ ಮುಗದ್ರ ಬಿಟ್ಟಬಿಡ್ತೀನಿ."

ನಾನು ಮೂವತ್ತು ವರ್ಷ ಬಣ್ಣದ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಕೆಮಿಸ್ಟ್ರಿಯಿಂದಲೇ ಅನ್ನ ತಿಂದವನು. ಆ ಮಾತು ಮನಸ್ಸಿಗೆ ಚುಚ್ಚಿತು. ಆ ಕಾಲೇಜಿನವರು ಕೆಟ್ಟದ್ದೇನೂ ಮಾಡಿಲ್ಲ ನೋಡಿ. ರಜೆಯ ದಿನ ಬಂದು, ಸಾಮಾನು ಜೋಡಿಸಿ, ಮಕ್ಕಳಿಗೆ ತೋರಿಸಿದ್ದಾರೆ. ಆದರೂ ಹುಡುಗಿ ಬಸ್ ಹತ್ತುವಾಗ ಎಲ್ಲಿದ್ದಳೋ ಇಳಿಯುವಾಗಲೂ ಅಲ್ಲೇ ಇದ್ದಳು. ಹಾಗಾದ್ರೆ ಇಂಥ ಪ್ರಯತ್ನ ಎಲ್ಲಿ ಫಲಿಸಿದೆ? ಫಲಿಸಿದಲ್ಲಿ ಏನಿತ್ತು? ಇದನ್ನು ಹುಡುಕಿಕೊಂಡು ಹೋದಾಗ ಲಂಡನ್, ಲಾಹೋರ್, ಬೆಂಗಳೂರು, ಕೊನೆಗೆ ಮುಂಬೈಯ ಮಾನ್‌ಖುರ್ದ್‌ವರೆಗೆ ಸುತ್ತಾಡಬೇಕಾಯಿತು. ಬನ್ನಿ, ಒಂದೊಂದಾಗಿ ನೋಡೋಣ.

ಪುಸ್ತಕ ಹೊಲಿಯುತ್ತಿದ್ದ ಹುಡುಗ

ಲಂಡನ್ನಿನ ಆಲ್ಬೆಮಾರ್ಲ್ ಬೀದಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಅಂತ ಒಂದು ಸಂಸ್ಥೆ ಇದೆ. ಶುರುವಾಗಿದ್ದು 1799ರಲ್ಲಿ. ಅದು ವಿಶ್ವವಿದ್ಯಾಲಯ ಅಲ್ಲ. ಆದರೆ ಇವತ್ತು ವಿಶ್ವವಿದ್ಯಾಲಯಗಳು 'ಔಟ್‌ರೀಚ್' ಅನ್ನುವ ಹೆಸರಲ್ಲಿ ಮಾಡುವ ಕೆಲಸಕ್ಕೆ ದಾರಿ ಹಾಕಿಕೊಟ್ಟ ಜಾಗಗಳಲ್ಲಿ ಅದು ಮುಖ್ಯವಾದದ್ದು. ಒಳಗೆ ಸಂಶೋಧನೆ, ಹೊರಗಿನವರಿಗೆ ಉಪನ್ಯಾಸ. 1801ರಲ್ಲಿ ಹಂಫ್ರಿ ಡೇವಿ ಅಲ್ಲಿ ಸೇರಿಕೊಂಡ. ಸೋಡಿಯಂ, ಪೊಟ್ಯಾಸಿಯಂ ಲೋಹಗಳನ್ನು ಮೊದಲು ಬೇರ್ಪಡಿಸಿದವನು ಇವನೇ. ಅವನ ಮಾತು ಕೇಳಲು ಬರುವವರ ಕುದುರೆಗಾಡಿಗಳ ಸಂತೆಯಿಂದಾಗಿ ಆ ಬೀದಿಯನ್ನು ಏಕಮುಖ ಸಂಚಾರ ಮಾಡಬೇಕಾಯಿತು ಅಂತ ಹೇಳ್ತಾರೆ.

ಆ ಸಭೆಯಲ್ಲಿ ಜೇನ್ ಮಾರ್ಸೆಟ್ ಅನ್ನುವ ಹೆಣ್ಣುಮಗಳು ಕೂತಿದ್ದರು. ಗಂಡ ವೈದ್ಯ. ಡೇವಿಯ ಮಾತು, ಪ್ರಯೋಗ ಎಲ್ಲ ಚೆನ್ನಾಗಿತ್ತು, ಆದರೆ ತಲೆಗೆ ಹತ್ತುತ್ತಿರಲಿಲ್ಲ. ಮನೆಗೆ ಬಂದು ಸ್ನೇಹಿತರ ಜೊತೆ ಮಾತಾಡಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ಮೇಲೆ ಸ್ಪಷ್ಟವಾಯಿತು. ಇದನ್ನು ಅವರೇ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ಎರಡನೇ ಮಹಡಿಯ ಹುಡುಗಿಯ ಸಮಸ್ಯೆ 200 ವರ್ಷ ಹಳೆಯದು ಅಂತಾಯ್ತಲ್ಲ!

ಮಾರ್ಸೆಟ್ ಅಷ್ಟಕ್ಕೇ ಬಿಡಲಿಲ್ಲ. ತನಗೆ ಅರ್ಥವಾದ ರೀತಿಯಲ್ಲೇ ಬೇರೆಯವರಿಗೂ ಅರ್ಥವಾಗಲಿ ಅಂತ ಒಂದು ಪುಸ್ತಕ ಬರೆದರು. ಒಬ್ಬ ಉಪಾಧ್ಯಾಯಿನಿ, ಇಬ್ಬರು ಹುಡುಗಿಯರು. ಹುಡುಗಿಯರು ಪ್ರಶ್ನೆ ಕೇಳ್ತಾರೆ, ಅಡ್ಡ ಮಾತು ಹಾಕ್ತಾರೆ, ಉಪಾಧ್ಯಾಯಿನಿ ವಿವರಿಸುತ್ತಾರೆ. 1806ರಲ್ಲಿ 'ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ' ಅಚ್ಚಾದಾಗ ಅದರ ಮೇಲೆ ಲೇಖಕಿಯ ಹೆಸರೂ ಇರಲಿಲ್ಲ.

ಅದೇ ಹೊತ್ತಿಗೆ ಲಂಡನ್ನಿನ ಇನ್ನೊಂದು ಮೂಲೆಯಲ್ಲಿ ಮೈಕೆಲ್ ಫ್ಯಾರಡೆ ಅನ್ನುವ ಹುಡುಗ ಪುಸ್ತಕದ ಅಂಗಡಿಯಲ್ಲಿ ಬೈಂಡಿಂಗ್ ಕೆಲಸ ಕಲಿಯುತ್ತಿದ್ದ. ಕಮ್ಮಾರನ ಮಗ. ಓದು ಬರಹ, ಲೆಕ್ಕ ಬಿಟ್ಟರೆ ಶಾಲೆಯ ಭಾಗ್ಯ ಹೆಚ್ಚಿಲ್ಲ. 14ನೇ ವಯಸ್ಸಿಗೆ ಏಳು ವರ್ಷದ ಕರಾರಿನ ಮೇಲೆ ಕೆಲಸಕ್ಕೆ ಸೇರಿದ್ದ. ಹೊಲಿಯಲು ಬಂದ ಪುಸ್ತಕಗಳನ್ನು ಓದುವ ಚಟ. ಹಾಗೆ ಕೈಗೆ ಸಿಕ್ಕಿದ್ದು ಮಾರ್ಸೆಟ್ ಪುಸ್ತಕ. ಓದಿ ಸುಮ್ಮನಾಗಲಿಲ್ಲ. ಪುಸ್ತಕದಲ್ಲಿ ಹೇಳಿದ್ದು ನಿಜವೋ ಸುಳ್ಳೋ ಅಂತ ತನ್ನ ಕೈಲಿದ್ದ ಚಿಲ್ಲರೆ ಕಾಸಿನಲ್ಲಿ ಸಾಮಾನು ತಂದು ಪರೀಕ್ಷಿಸಿ ನೋಡಿದ. ಪುಸ್ತಕ ಹೇಳಿದಂತೆಯೇ ಆಯಿತು. ಅಲ್ಲಿಂದ ಅವನಿಗೆ ಆ ಪುಸ್ತಕದ ಮೇಲೆ, ಕೆಮಿಸ್ಟ್ರಿಯ ಮೇಲೆ ನಂಬಿಕೆ ಹುಟ್ಟಿತು. ದೊಡ್ಡ ವಿಜ್ಞಾನಿ ಆದಮೇಲೂ ಮಾರ್ಸೆಟ್ ಅವರನ್ನು ತನ್ನ ಗುರುವಿನ ಹಾಗೆ ನೆನೆಯುತ್ತಿದ್ದ, ತನ್ನ ಲೇಖನಗಳನ್ನು ಅವರಿಗೆ ಕಳಿಸಿಕೊಡುತ್ತಿದ್ದ.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿ ವಿಲಿಯಂ ಡಾನ್ಸ್ ಈ ಹುಡುಗನ ಆಸಕ್ತಿ ನೋಡಿ ಡೇವಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ನಾಲ್ಕು ಉಪನ್ಯಾಸ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿ ಆ ಪುಸ್ತಕವನ್ನು ಡೇವಿಗೇ ಕಳಿಸಿದ. 1813ರ ಮಾರ್ಚಿನಲ್ಲಿ ಲ್ಯಾಬಿನ ಸಹಾಯಕನ ಕೆಲಸ ಸಿಕ್ಕಿತು. ಬಾಟಲಿ ತೊಳೆಯುವುದರಿಂದ ಹಿಡಿದು ಎಲ್ಲ ಕೆಲಸ. ಮುಂದೆ 1825ರಲ್ಲಿ ಬೆಂಜೀನ್ ಕಂಡುಹಿಡಿದ. 1831ರಲ್ಲಿ ಕಾಂತದಿಂದ ವಿದ್ಯುತ್ತು ಬರುವ ಬಗೆ ತೋರಿಸಿದ. ನಿಮ್ಮ ಮನೆಗೆ ಕರೆಂಟು ಬರುವುದು ಅದೇ ತತ್ತ್ವದ ಮೇಲೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಡೇವಿಯ ಸಭೆಗೆ ಬಂದವರು ಎಷ್ಟೋ ಸಾವಿರ. ಹೆಚ್ಚಿನವರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಸಭೆಯಲ್ಲಿ ಅರ್ಥವಾಗದ್ದನ್ನು ಒಬ್ಬಾಕೆ ಮನೆಯಲ್ಲಿ ಮತ್ತೆ ಮಾಡಿ ನೋಡಿದರು. ಇನ್ನೊಬ್ಬ ಹುಡುಗ ಆಕೆ ಬರೆದದ್ದನ್ನು ಓದಿ ತಾನೂ ಮಾಡಿ ನೋಡಿದ. ಇಬ್ಬರಲ್ಲೂ ಕೆಮಿಸ್ಟ್ರಿ ಬೇರು ಬಿಟ್ಟದ್ದು ಆ ಎರಡನೇ ಸಲದಲ್ಲಿ.

ಆರು ಮಾತಿಗೆ ಒಂದು ಮೇಣದಬತ್ತಿ

ಬಿಟ್ಟಿ ಟಿಕೆಟಿನಲ್ಲಿ ಒಳಗೆ ಬಂದ ಈ ಫ್ಯಾರಡೆ ಮುಂದೆ ಅದೇ ಸಂಸ್ಥೆಯನ್ನು ನಡೆಸುವ ಮಟ್ಟಕ್ಕೆ ಬಂದ. 1825ರಲ್ಲಿ ಅಲ್ಲಿ ಕ್ರಿಸ್‌ಮಸ್ ರಜೆಯ ಉಪನ್ಯಾಸ ಮಾಲೆ ಶುರುವಾಯಿತು, ಎಳೆಯರಿಗಾಗಿಯೇ. ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಅದು ಇವತ್ತಿಗೂ ನಡೆದುಕೊಂಡು ಬಂದಿದೆ. 1966ರಿಂದ ಟಿವಿಯಲ್ಲೂ ಬರುತ್ತದೆ. 1827ರಿಂದ 1861ರ ನಡುವೆ ಫ್ಯಾರಡೆ ಒಬ್ಬರೇ 19 ಮಾಲೆ ಕೊಟ್ಟರು.

ಕೊನೆಯದು 1860-61ರ ರಜೆಯಲ್ಲಿ. ಆಗ ಅವರಿಗೆ 69 ವರ್ಷ. ವಿಷಯ, ಮೇಣದಬತ್ತಿಯ ರಾಸಾಯನಿಕ ಚರಿತ್ರೆ. ಇದೇ ವಿಷಯದ ಮೇಲೆ 1848ರಲ್ಲೂ ಒಮ್ಮೆ ಮಾತಾಡಿದ್ದರು. ಆರು ಉಪನ್ಯಾಸ, ಆರಕ್ಕೂ ಒಂದೇ ಮೇಣದಬತ್ತಿ. ಪ್ರಕೃತಿ ವಿಜ್ಞಾನಕ್ಕೆ ಒಳಹೋಗಲು ಇದಕ್ಕಿಂತ ಸಲೀಸಾದ ಬಾಗಿಲು ಇಲ್ಲ ಅನ್ನುವುದು ಅವರ ನಿಲುವು.

ಹೇಗೆ ಮಾಡಿದರು ನೋಡಿ. ಮೊದಲು ಪ್ರಶ್ನೆ. ಮೇಣ ಗಟ್ಟಿ. ಅದು ಬತ್ತಿಯ ತುದಿಗೆ ಹೇಗೆ ಹತ್ತುತ್ತದೆ? ಕರಗಿದ ಮೇಣ ಬುಡದಲ್ಲಿ ಒಂದು ಪುಟ್ಟ ಬಟ್ಟಲಿನ ಹಾಗೆ ನಿಲ್ಲುತ್ತದೆ, ಅಲ್ಲಿಂದ ಬತ್ತಿಯ ನೂಲಿನ ಸಂದಿಯಲ್ಲಿ ಮೇಲೇರುತ್ತದೆ. ನಮ್ಮ ದೇವರ ಮುಂದಿನ ದೀಪದಲ್ಲಿ ಎಣ್ಣೆ ಏರುವ ಹಾಗೆಯೇ. ಸರಿ, ಉರಿಯುತ್ತಿರುವುದು ಏನು, ಮೇಣವೋ ನೂಲೋ? ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆ ಹಿಡಿದು, ಅದರ ಇನ್ನೊಂದು ತುದಿಗೆ ಬೆಂಕಿ ಕೊಟ್ಟರೆ ಅಲ್ಲೂ ಉರಿಯುತ್ತದೆ! ಅಂದರೆ ನಡುವೆ ಮೇಣದ ಆವಿ ಇದೆ, ಉರಿಯುವುದು ಅದು. ಇದನ್ನೇ ಸುಲಭವಾಗಿ ನೋಡಬೇಕಾ? ಮೇಣದಬತ್ತಿ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ, ಬತ್ತಿಗೆ ತಾಗಿಸದೆ, ಒಂದೆರಡು ಇಂಚು ದೂರದಲ್ಲಿ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ದಾರಿಯಲ್ಲೇ ಇಳಿದು ಬಂದು ಬತ್ತಿಗೆ ಹತ್ತಿಕೊಳ್ಳುತ್ತದೆ. ಕರೆಂಟು ಹೋದಾಗ ಮನೆಯಲ್ಲಿ ಮಾಡಿ ನೋಡಿ, ದೊಡ್ಡವರೂ ಬೆರಗಾಗ್ತಾರೆ.

ಆಮೇಲೆ ಮುಂದಿನ ಪ್ರಶ್ನೆ. ಉರಿದ ಮೇಣ ಎಲ್ಲಿ ಹೋಯಿತು? ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ನೀರಿನ ಹನಿ ಕೂಡುತ್ತದೆ. ಬೆಂಕಿಯಿಂದ ನೀರು! ಈ ನೀರು ಎಲ್ಲಿಂದ ಬಂತು ಅಂತ ಹಿಡಿದುಕೊಂಡು ಹೈಡ್ರೋಜನ್, ಆಮ್ಲಜನಕ, ಗಾಳಿ ಎಲ್ಲದರ ಕಡೆ ಕರೆದುಕೊಂಡು ಹೋಗುತ್ತಾರೆ. ಮೇಣದಬತ್ತಿಯ ಮೇಲಿನ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಸೇರಿಸಿದರೆ ನೀರು ಹಾಲಿನ ಹಾಗೆ ಬಿಳಿಯಾಗುತ್ತದೆ. ಅದು ಕಾರ್ಬನ್ ಡೈಆಕ್ಸೈಡಿನ ಗುರುತು. ಕೊನೆಯ ದಿನ, ನಾವು ಬಿಡುವ ಉಸಿರನ್ನು ಅದೇ ತಿಳಿನೀರಿಗೆ ಊದಿ ತೋರಿಸುತ್ತಾರೆ. ಅದೂ ಬಿಳಿಯಾಗುತ್ತದೆ. ಮೇಣದಬತ್ತಿಯೊಳಗೆ ನಡೆಯುವ ದಹನಕ್ಕೂ ನಮ್ಮ ಮೈಯೊಳಗೆ ಅನ್ನದಿಂದ ಶಕ್ತಿ ಹುಟ್ಟುವುದಕ್ಕೂ ನೆಂಟಸ್ತಿಕೆ ಇದೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಫ್ಯಾರಡೆಯೂ ಢಂ ಅನ್ನಿಸುವ ಪ್ರಯೋಗ ಮಾಡಿದ್ದಾರೆ. ನೀರಿನ ಮೇಲೆ ಪೊಟ್ಯಾಸಿಯಂ ಹಾಕಿ ಉರಿಸಿದ್ದಾರೆ. ಆದರೆ ಅದು ಬರುವುದು ನೀರಿನೊಳಗೆ ಏನಿದೆ ಅನ್ನುವ ಪ್ರಶ್ನೆ ಮಕ್ಕಳ ತಲೆಯಲ್ಲಿ ಕೂತ ಮೇಲೆ. ಪ್ರಶ್ನೆ ಮೊದಲು, ಬೆರಗು ಆಮೇಲೆ. ನಮ್ಮ ಹುಡುಗಿ ನೋಡಿದ ಹಸಿರು ಬೆಂಕಿಗೆ ಮುಂಚೆ ಯಾವ ಪ್ರಶ್ನೆಯೂ ಇರಲಿಲ್ಲ. ತಾಮ್ರದ ಲವಣವೋ ಏನೋ ಹಾಕಿರಬೇಕು. ಬಣ್ಣ ಚೆನ್ನಾಗಿತ್ತು, ಅಷ್ಟೇ.

ಮಾತಾಡಿ ಬಿಟ್ಟುಬಿಟ್ಟರೂ ಅಲ್ಲ. 1862ರಲ್ಲಿ ಇಂಗ್ಲೆಂಡಿನ ದೊಡ್ಡ ಶಾಲೆಗಳ ಪಾಠಕ್ರಮ ವಿಚಾರಿಸಲು ಬಂದ ಆಯೋಗದ ಮುಂದೆ ಫ್ಯಾರಡೆ ಸಾಕ್ಷಿ ಹೇಳಿದರು. ಆಗ ಅಲ್ಲಿ ಲ್ಯಾಟಿನ್, ಗ್ರೀಕ್‌ಗಳದ್ದೇ ರಾಜ್ಯ. ವಿಜ್ಞಾನಕ್ಕೂ ಜಾಗ ಕೊಡಿ, ಸರಳವಾಗಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ ಅನ್ನುವುದು ಅವರ ವಾದ. ವರ್ಷಗಟ್ಟಲೆ ಮಕ್ಕಳ ಮುಂದೆ ನಿಂತು ಪಡೆದ ಅನುಭವ ಅದರ ಹಿಂದೆ ಇತ್ತು.

ಬರೆದುಕೊಂಡವನು ಇಲ್ಲದಿದ್ದರೆ?

ಈಗ ನನಗೆ ಬಹಳ ಇಷ್ಟವಾದ ಭಾಗ. ಮಾತು ಗಾಳಿಗೆ ಹೋಗುತ್ತದೆ. ಆ ಆರು ಮಾತುಗಳೂ ಹೋಗಬೇಕಿತ್ತು. ಆದರೆ ವಿಲಿಯಂ ಕ್ರೂಕ್ಸ್ ಅನ್ನುವ ತರುಣ ರಸಾಯನ ವಿಜ್ಞಾನಿ ತನ್ನ 'ಕೆಮಿಕಲ್ ನ್ಯೂಸ್' ಪತ್ರಿಕೆಯಲ್ಲಿ ಅವುಗಳ ಬರಹ ರೂಪ ಹಾಕಿದ. 1861ರಲ್ಲಿ ಪುಸ್ತಕವಾಗಿ ತಂದ. ಅದೇ ವರ್ಷ ಈ ಕ್ರೂಕ್ಸ್ ಥ್ಯಾಲಿಯಂ ಅನ್ನುವ ಮೂಲವಸ್ತು ಕಂಡುಹಿಡಿದ, ಅದೂ ಜ್ವಾಲೆಯ ಬೆಳಕಿನಲ್ಲಿ ಕಂಡ ಒಂದು ಹಸಿರು ಗೆರೆಯಿಂದ! ಹಸಿರು ಬೆಂಕಿಯ ಹಿಂದೆ ಏನಿದೆ ಅಂತ ಕೇಳಿದವನಿಗೆ ಸಿಕ್ಕ ಉಡುಗೊರೆ ಅದು.

ಆ ಪುಸ್ತಕ ಎಲ್ಲೆಲ್ಲಿಗೋ ಹೋಯಿತು. ಜಪಾನಿಗೂ ಹೋಯಿತು. ಒಸಾಕಾ ಹತ್ತಿರ ನಾಲ್ಕನೇ ಕ್ಲಾಸಿನಲ್ಲಿದ್ದ ಒಬ್ಬ ಹುಡುಗನಿಗೆ ಅವನ ಟೀಚರ್ ಈ ಪುಸ್ತಕ ಓದು ಅಂದರು. ಬತ್ತಿ ಯಾಕೆ ಬೇಕು, ಜ್ವಾಲೆ ಯಾಕೆ ಹಳದಿ ಅನ್ನುವ ಪ್ರಶ್ನೆಗಳು ಅವನನ್ನು ಹಿಡಿದುಕೊಂಡವು. ಅವರೇ ಅಕಿರಾ ಯೋಶಿನೊ. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ ಇನ್ನಿಬ್ಬರ ಜೊತೆ ಕೆಮಿಸ್ಟ್ರಿಯ ನೊಬೆಲ್ ಪಡೆದವರು. ಪ್ರಶಸ್ತಿಯ ದಿನ ಅವರು ಈ ಪುಸ್ತಕದ ಹೆಸರು ಹೇಳಿದ ಮೇಲೆ ಜಪಾನಿನ ಅಂಗಡಿಗಳಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. 2016ರಲ್ಲಿ ವೈದ್ಯ ವಿಜ್ಞಾನದ ನೊಬೆಲ್ ಪಡೆದ ಯೋಶಿನೊರಿ ಒಸುಮಿ ಕೂಡ ಬಾಲ್ಯದಲ್ಲಿ ಓದಿದ ಈ ಪುಸ್ತಕವನ್ನು ನೆನೆದಿದ್ದರು.

ನೀವು ಇದನ್ನು ಮೊಬೈಲಿನಲ್ಲಿ ಓದ್ತಾ ಇದ್ದರೆ ಅದರೊಳಗಿನ ಬ್ಯಾಟರಿ ಆ ವಂಶದ್ದೇ. ಲಂಡನ್ನಿನಲ್ಲಿ ಆ ಮಾತು ನಡೆದಾಗಿನಿಂದ ನೊಬೆಲ್‌ವರೆಗೆ 158 ವರ್ಷ. ಈಗ ನಮ್ಮ ಕಾಲೇಜುಗಳಲ್ಲಿ ಇಂಥ ಕಾರ್ಯಕ್ರಮ ಮಾಡಿದರೆ ವರ್ಷದ ಕೊನೆಗೆ ವರದಿ ಬರೆಯಬೇಕು. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಫೋಟೊ. ಆ ನಾಲ್ಕನೇ ಕ್ಲಾಸಿನ ಹುಡುಗನನ್ನು ಯಾವ ವರದಿಯ ಕಾಲಮ್ಮಿಗೆ ಹಾಕೋಣ?

ಟಿಕೆಟ್ ಇಲ್ಲದವರ ಹತ್ತಿರ

ಒಂದು ಸತ್ಯ ಹೇಳದೆ ಮುಂದೆ ಹೋಗುವಂತಿಲ್ಲ. ಫ್ಯಾರಡೆಯ ಮುಂದೆ ಕೂತಿದ್ದ ಮಕ್ಕಳು ಬಹುಪಾಲು ಉಳ್ಳವರ ಮನೆಯವರು. 1855ರ ಡಿಸೆಂಬರಿನಲ್ಲಿ ರಾಣಿ ವಿಕ್ಟೋರಿಯಾಳ ಗಂಡ, ಮಕ್ಕಳೇ ಬಂದು ಕೂತಿದ್ದರು. ಅದರ ಚಿತ್ರವೂ ಇದೆ. ಪುಸ್ತಕ ಹೊಲಿಯುವ ಹುಡುಗರು ಒಳಗೆ ಬರಬೇಕಾದರೆ ಮತ್ತೊಬ್ಬ ವಿಲಿಯಂ ಡಾನ್ಸ್ ಸಿಗಬೇಕಿತ್ತು.

ಟಿಕೆಟ್ಟೂ ಇಲ್ಲ, ಆ ಭಾಷೆಯೂ ಬರುವುದಿಲ್ಲ ಅನ್ನುವವರ ಕಥೆ ಏನು? ಇದಕ್ಕೆ ಉತ್ತರ ಹುಡುಕಿದವರು ನಮ್ಮ ದೇಶದಲ್ಲೇ ಒಬ್ಬರಿದ್ದರು. ಹೆಸರು ರುಚಿ ರಾಮ್ ಸಾಹ್ನಿ, ಹುಟ್ಟಿದ್ದು 1863ರಲ್ಲಿ, ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ಮುಂದೆ ಸಸ್ಯ ಪಳೆಯುಳಿಕೆಗಳ ಅಧ್ಯಯನದಿಂದ ಪ್ರಸಿದ್ಧರಾದ ಬೀರಬಲ್ ಸಾಹ್ನಿಯವರ ತಂದೆ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ, ಕೆಲವು ಕಾಲ ಹವಾಮಾನ ಇಲಾಖೆಯಲ್ಲಿದ್ದು, ಆಮೇಲೆ ಅದೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದರು.

1885ರಲ್ಲಿ ಅಲ್ಲಿಯ ಪ್ರೊಫೆಸರ್ ಜೆ. ಕ್ಯಾಂಪ್‌ಬೆಲ್ ಓಮನ್ ಮತ್ತು ಸಾಹ್ನಿ ಸೇರಿ ಪಂಜಾಬ್ ಸೈನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಉದ್ದೇಶ ಒಂದೇ, ವಿಜ್ಞಾನವನ್ನು ಕಾಲೇಜಿನ ಗೋಡೆಯಾಚೆ ತರುವುದು. ಸಾಹ್ನಿ ಪಂಜಾಬಿಯಲ್ಲಿ ಮಾತಾಡಿದರು. ಪ್ರಯೋಗ ಮಾಡಿ ತೋರಿಸಿದರು, ಮ್ಯಾಜಿಕ್ ಲ್ಯಾಂಟರ್ನ್‌ನಲ್ಲಿ ಚಿತ್ರ ಹಾಕಿದರು. ಕಾಲೇಜಿನವರಷ್ಟೇ ಅಲ್ಲ, ಅಂಗಡಿಯ ಜನ, ಸಣ್ಣ ಊರುಗಳ ಜನ ಬಂದು ಕೇಳಿದರು. ಅವರು ಆರಿಸಿದ ವಿಷಯಗಳನ್ನು ನೋಡಿ: ಸಾಬೂನು ಮಾಡುವುದು, ಲಾಹೋರಿನವರು ಕುಡಿಯುವ ನೀರು, ಶುದ್ಧ ಗಾಳಿ ಮತ್ತು ಕೆಟ್ಟ ಗಾಳಿ, ಜ್ವಾಲೆ, ಗಾಜು ಮಾಡುವುದು, ತಂತಿಯ ಸುದ್ದಿ ಹೋಗುವ ಬಗೆ. ಫ್ಯಾರಡೆಗೆ ಮೇಣದಬತ್ತಿ ಸಿಕ್ಕ ಹಾಗೆ ಇವರಿಗೆ ಸಾಬೂನು ಸಿಕ್ಕಿತು. ಮನೆಯಲ್ಲಿ ಇರುವ ವಸ್ತು, ಮನೆಯ ಮಾತು.

ಆದರೆ ಒಂದು ಕಡೆ ಗಾಡಿ ನಿಂತಿತು. ಶಾಲೆಗಳಲ್ಲಿ ಪ್ರಯೋಗಕ್ಕೆ ಉಪಕರಣವೇ ಇಲ್ಲ. ಇದ್ದದ್ದು ವಿಲಾಯತಿಯಿಂದ ಬಂದದ್ದು, ದುಬಾರಿ. ಒಂದು ಸ್ಕ್ರೂ ಮುರಿದರೆ ರಿಪೇರಿ ಮಾಡುವವರಿಲ್ಲ. ಉಪನ್ಯಾಸ ಕೇಳಿ ಹುರುಪು ಬಂದ ಹುಡುಗ ಶಾಲೆಗೆ ಹೋದರೆ ಅಲ್ಲಿ ಬೀಗ ಹಾಕಿದ ಕಪಾಟು. ಸಾಹ್ನಿ 1888ರಲ್ಲಿ ಒಂದು ವರ್ಕ್‌ಶಾಪ್ ಹಾಕಿದರು. ರೈಲ್ವೆಯಲ್ಲಿ ಕೆಲಸ ಬಲ್ಲ ಅಲ್ಲಾ ಬಕ್ಷ್ ಅನ್ನುವ ಕುಶಲಕರ್ಮಿಯನ್ನು ಜೊತೆಗೆ ತಂದುಕೊಂಡರು. ಒಬ್ಬರಿಗೆ ತತ್ತ್ವ ಗೊತ್ತು, ಇನ್ನೊಬ್ಬರಿಗೆ ಕೈಚಳಕ ಗೊತ್ತು. ಇಬ್ಬರೂ ಸೇರಿ ಶಾಲೆಗಳಿಗೆ ಬೇಕಾದ ಉಪಕರಣ ಮಾಡಿ ಅಗ್ಗದಲ್ಲಿ ಕೊಡತೊಡಗಿದರು.

ಪುಣೆಯವರು ಇದನ್ನು ಗಮನಿಸಿ. 1893ರಲ್ಲಿ ಇಲ್ಲಿ ನಡೆದ ಇಂಡಸ್ಟ್ರಿಯಲ್ ಕಾನ್ಫರೆನ್ಸಿಗೆ, ನ್ಯಾಯಮೂರ್ತಿ ರಾನಡೆಯವರು ಮುಂದೆ ನಿಂತು ನಡೆಸುತ್ತಿದ್ದ ಸಮ್ಮೇಳನ ಅದು, ಸಾಹ್ನಿ ತಮ್ಮ ಉಪಕರಣಗಳನ್ನು ತಂದರು. ಇವು ಲಾಹೋರಿನಲ್ಲಿ ಮಾಡಿದವು ಅಂದರೆ ನೋಡಿದವರು ನಂಬಲು ತಯಾರಿರಲಿಲ್ಲ. 1906ರ ಕಲ್ಕತ್ತೆಯ ಪ್ರದರ್ಶನದಲ್ಲಿ ಅವಕ್ಕೆ ಚಿನ್ನದ ಪದಕ ಬಂತು. ತೀರ್ಪುಗಾರರಲ್ಲಿ ಜಗದೀಶಚಂದ್ರ ಬೋಸರೂ ಇದ್ದರು.

ಸಾಹ್ನಿ 1948ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಲಾಹೋರ್ ಬೇರೆ ದೇಶವಾಗಿತ್ತು. ಅದಕ್ಕೇ ಇರಬೇಕು, ಈ ಕಡೆ ನಮಗೂ ಅವರ ಹೆಸರು ಮರೆತುಹೋಗಿದೆ.

ಕನ್ನಡದಲ್ಲಿ, ಮತ್ತೆ ಮುಂಬೈಯಲ್ಲಿ

ನಮ್ಮಲ್ಲಿ ಯಾರೂ ಇರಲಿಲ್ಲವಾ ಅಂತ ನೀವು ಕೇಳ್ತೀರಿ. ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ 1918ರಲ್ಲಿ 'ವಿಜ್ಞಾನ' ಅನ್ನುವ ಕನ್ನಡ ಮಾಸಪತ್ರಿಕೆ ತಂದರು. ಸುಮಾರು ಎರಡು ವರ್ಷ ನಡೆದು ನಿಂತಿತು. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಬರುತ್ತದೆ ಅಂತ ತೋರಿಸಿ ನಿಂತಿತು. ಆಮೇಲೆ ಮೈಸೂರಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದ ಜೆ.ಆರ್. ಲಕ್ಷ್ಮಣರಾಯರು 'ಪರಮಾಣು ಚರಿತ್ರೆ' ಬರೆದರು, ಮಕ್ಕಳಿಗಾಗಿ 'ಬಾಲ ವಿಜ್ಞಾನ' ಪತ್ರಿಕೆಯ ಸಂಪಾದಕರಾದರು. ನಮ್ಮ ವಯಸ್ಸಿನ ಎಷ್ಟೋ ಜನ ಆ ಪತ್ರಿಕೆ ಓದಿ ಬೆಳೆದವರು.

ಹೊರನಾಡಿನ ನಮ್ಮ ಮಕ್ಕಳದು ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗೆ ಆಟಕ್ಕೆ ಹೋದರೆ ಹಿಂದಿ, ಮರಾಠಿ, ಚೆನ್ನೈಯಲ್ಲಾದರೆ ತಮಿಳು, ಹೈದರಾಬಾದಿನಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಯಾವ ಭಾಷೆಯಲ್ಲಿ 'ಯಾಕೆ' ಅಂತ ಕೇಳಬೇಕು? ಹಿಂದೆ ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪಾಠಕ್ಕೆ ಕೂರುತ್ತಿದ್ದ ಹುಡುಗರಿದ್ದರು. ಬೈಂಡಿಂಗ್ ಅಂಗಡಿಯ ಫ್ಯಾರಡೆಯ ಜಾತಿಯವರು ಅವರು. ಅವರಲ್ಲಿ ಎಷ್ಟು ಜನರ ಕೈಗೆ ಒಂದು ಟೆಸ್ಟ್ ಟ್ಯೂಬ್ ಸಿಕ್ಕಿತ್ತು?

ಈ ಭಾಷೆಯ ತೊಡಕನ್ನು ಕೂತು ಪರೀಕ್ಷಿಸಿದವರೂ ಮುಂಬೈಯಲ್ಲೇ ಇದ್ದಾರೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಹುಟ್ಟಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮಾನ್‌ಖುರ್ದ್‌ನಲ್ಲಿದೆ. ಮೊದಲ ವರ್ಷಗಳಲ್ಲಿ ವಿ.ಜಿ. ಕುಲಕರ್ಣಿಯವರ ಮುಂದಾಳುತನದಲ್ಲಿ ಅವರು ಮುನಿಸಿಪಾಲಿಟಿ ಶಾಲೆಗಳ ಬಡ ಮಕ್ಕಳ ಜೊತೆ ಕೆಲಸ ಮಾಡಿದರು. ಅಲ್ಲಿ ಕಂಡದ್ದು ಏನು ಗೊತ್ತಾ? ವಿಜ್ಞಾನ ಇಂಗ್ಲಿಷಿನಲ್ಲಿ ಇದ್ದರೆ ಮಾತ್ರ ಕಷ್ಟ ಅಂತಲ್ಲ. ಮರಾಠಿ ಪುಸ್ತಕವೂ ಆ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಯಾಕಂದ್ರೆ ಅದು ಅವರ ಮನೆಯ ಮರಾಠಿ ಆಗಿರಲಿಲ್ಲ. ಪುಸ್ತಕದ ಭಾಷೆಯನ್ನು ಸರಳ ಮಾಡಿ ಕೊಟ್ಟಾಗ ಮಕ್ಕಳ ಕಲಿಕೆ ಮೇಲೆ ಬಂತು. ದಡ್ಡರು ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಮಕ್ಕಳು ದಡ್ಡರಾಗಿರಲಿಲ್ಲ, ವಾಕ್ಯಗಳು ಬಿಗಿಯಾಗಿದ್ದವು.

ಅದೇ ಕೇಂದ್ರ ಇವತ್ತು ದೇಶದ ಒಲಿಂಪಿಯಾಡ್ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತದೆ. 1968ರಲ್ಲಿ ಪ್ರಾಗ್‌ನಲ್ಲಿ ಮೂರೇ ದೇಶಗಳಿಂದ ಶುರುವಾದ ಅಂತರರಾಷ್ಟ್ರೀಯ ಕೆಮಿಸ್ಟ್ರಿ ಒಲಿಂಪಿಯಾಡ್‌ಗೆ ಭಾರತ 1999ರಲ್ಲಿ ಸೇರಿತು. ಎರಡೇ ವರ್ಷದಲ್ಲಿ, 2001ರಲ್ಲಿ, ಅದನ್ನು ಮುಂಬೈಯಲ್ಲೇ ನಡೆಸಲಾಯಿತು. ಹೈಸ್ಕೂಲು ದಾಟುವ ಮಕ್ಕಳು ಅಲ್ಲಿ ಥಿಯರಿ ಬರೆಯುವುದಷ್ಟೇ ಅಲ್ಲ, ಲ್ಯಾಬಿನಲ್ಲಿ ನಿಂತು ಪ್ರಯೋಗವನ್ನೂ ಮಾಡಬೇಕು. ಅತಿ ಜಾಣ ಮಕ್ಕಳಿಗೆ ಇದು ದೊಡ್ಡ ಅವಕಾಶ. ಆದರೆ ನನ್ನ ಚಿಂತೆ ಆರಿಸಿ ಬಂದ ಮಕ್ಕಳದಲ್ಲ. ಎರಡನೇ ಮಹಡಿಯ ಹುಡುಗಿಯದು.

ರಾತ್ರಿ ನೆನೆಸಿಟ್ಟ ಸುಣ್ಣ

ಅದಕ್ಕೇ ಹೋದ ಶನಿವಾರ ಒಂದು ಕೆಲಸ ಮಾಡಿದೆ. ಪಾನ್ ಅಂಗಡಿಯಿಂದ ಎಲೆಗೆ ಹಚ್ಚುವ ಸುಣ್ಣ ತಂದು, ಒಂದು ಚಮಚ ತೆಗೆದು ಬಾಟಲಿ ನೀರಿನಲ್ಲಿ ಕಲಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಸುಣ್ಣ ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತ್ತು. ಅದನ್ನು ಅಲುಗಿಸದೆ ಎರಡು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಹುಡುಗಿಯನ್ನು ಕರೆದೆ. ಸ್ಟ್ರಾ ಕೊಟ್ಟು ಮೆಲ್ಲಗೆ ಊದು ಅಂದೆ. ನೀವು ಮಾಡುವಾಗ ದೊಡ್ಡವರು ಹತ್ತಿರ ಇರಲಿ. ಊದಬೇಕು, ಎಳೆದುಕೊಳ್ಳಬಾರದು. ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ, ಕನ್ನಡಕ ಹಾಕಿಕೊಂಡರೆ ಒಳ್ಳೆಯದು.

ಊದಿದಳು. ನೀರು ಬಿಳಿಯಾಯಿತು. "ಅಯ್ಯ, ಹಾಲು ಆತಲ್ರಿ!"

ಏನೂ ವಿವರಿಸಲಿಲ್ಲ. ಇನ್ನೊಂದು ಬಾಟಲಿಯಲ್ಲಿ ಅಡುಗೆ ಸೋಡಾ ಹಾಕಿ ಲಿಂಬೆರಸ ಹಿಂಡಿ, ಅದರಿಂದ ಬರುವ ಗಾಳಿಯನ್ನು ಒಂದು ಸಣ್ಣ ನಳಿಗೆಯಿಂದ ಇನ್ನೊಂದು ಲೋಟಕ್ಕೆ ಬಿಟ್ಟೆವು. ಅದೂ ಬಿಳಿಯಾಯಿತು. "ಹಂಗಾರ ನನ್ನ ಉಸುರನ್ಯಾಗೂ ಈ ಸೋಡಾದ ಗಾಳಿನ ಐತಿ?" ಅಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಾನು ಚಹಾ ತರಲು ಒಳಗೆ ಹೋದೆ. ಅವಳು ಸುಮ್ಮನೆ ಕೂರದೆ ಮತ್ತೆ ಸೋಡಾ, ಮತ್ತೆ ಲಿಂಬೆ ಹಾಕಿ ಗಾಳಿ ಬಿಡ್ತಾನೇ ಇದ್ದಳು. ಸ್ವಲ್ಪ ಹೊತ್ತಿಗೆ ಒಳಗಿನವರೆಗೆ ಕೇಳುವ ಹಾಗೆ ಕೂಗಿದಳು:

"ಕಾಕಾ, ಮತ್ತ ತಿಳಿ ಆತ್ರಿ! ಬೆಳ್ಳಗಿದ್ದದ್ದು ಎಲ್ಲಿ ಹೋತು?"

ಹೌದು, ಹೋಗುತ್ತದೆ. ಮೊದಲು ಕರಗದ ಸುಣ್ಣದ ಕಾರ್ಬೊನೇಟ್ ಆಗಿ ನೀರು ಬೆಳ್ಳಗಾಗುತ್ತದೆ. ಆ ಗಾಳಿ ಇನ್ನೂ ಹೆಚ್ಚು ಸೇರಿದರೆ ಅದು ಕರಗುವ ಬೈಕಾರ್ಬೊನೇಟ್ ಆಗಿ ನೀರು ತಿಳಿಯಾಗುತ್ತದೆ. ಸುಣ್ಣಕಲ್ಲಿನ ಬೆಟ್ಟದೊಳಗೆ ನೀರು ಗುಹೆ ಕೊರೆಯುವುದೂ ಹೀಗೆಯೇ. ಇದನ್ನೆಲ್ಲ ಆಮೇಲೆ ಹೇಳಿದೆ. ಆದರೆ ಮೊದಲು ಹತ್ತು ನಿಮಿಷ ಅವಳನ್ನು ಆ ಪ್ರಶ್ನೆಯ ಜೊತೆ ಬಿಟ್ಟೆ. ಪಠ್ಯಪುಸ್ತಕ ತಂದು ತಾನೇ ಹುಡುಕಿದಳು. ಬಾಯಿಪಾಠ ಮಾಡಿದ್ದ ಸಾಲೊಂದು ಅಲ್ಲಿತ್ತು. "ಇದ ಏನ್ರಿ ಅದು?" ಅಂತ ಪುಸ್ತಕ ಹಿಡಿದುಕೊಂಡು ಬಂದಳು.

ಅವಳು ಕೆಮಿಸ್ಟ್ರಿ ತಗೋತಾಳೋ ಬಿಡ್ತಾಳೋ ನನಗೆ ಗೊತ್ತಿಲ್ಲ. ಅದು ಅವಳಿಷ್ಟ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವ ನಮ್ಮವರು ಬಹಳ ಜನ ಈ ಮಾತು ಕೇಳ್ತೀರಿ. ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಶಾಲೆಯ ಮಕ್ಕಳನ್ನು ಕರೆಸಿದಾಗ, ಹೋಗುವಾಗ ಅವರ ಕೈಯಲ್ಲಿ ಮನೆಯಲ್ಲಿ ಮತ್ತೆ ಮಾಡಬಹುದಾದ ಒಂದು ಪ್ರಯೋಗ ಇರಲಿ, ಅದನ್ನು ಅವರ ಮನೆಯ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ. ಹಸಿರು ಬೆಂಕಿಯನ್ನೂ ತೋರಿಸಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ.

ಮುಂದಿನ ವಾರ ಸಾಬೂನಿನ ಕಥೆ, ಅದು ನಮ್ಮ ಮೈಸೂರಿನವರೆಗೂ ಬರುತ್ತದೆ. ಅಲ್ಲಿಯವರೆಗೆ ನಮಸ್ಕಾರ.